ದಂಗಲ್‌ನ ಬೀಗ ಹಾಕಿದ ರೂಮು ಮತ್ತು ಹೆಣ್ಣುಮಕ್ಕಳ ಕುಸ್ತಿ ಕೋಚ್‌ಗಳ ನಿಜವಾದ ಕತೆ

ಇವತ್ತು ಕುಸ್ತಿ ವಿಷಯ. ಆದರೆ ಕುಸ್ತಿ ಆಡೋರಿಗಿಂತ ಜಾಸ್ತಿ, ಮ್ಯಾಟ್ ಪಕ್ಕದ ಕಾರ್ನರ್‌ನಲ್ಲಿ ಹೆಗಲ ಮೇಲೆ ಟವಲ್ ಹಾಕ್ಕೊಂಡು ಕೂರ್ತಾರಲ್ಲ, ಆ ಕೋಚ್‌ಗಳ ವಿಷಯ. ಅದರಲ್ಲೂ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸೋಕೆ ಹೊರಟವರದ್ದು. ಅವರಿಗೆ ಆ ಧೈರ್ಯ ಎಲ್ಲಿಂದ ಬಂತು ಅನ್ನೋದು ನನ್ನ ಪ್ರಶ್ನೆ.

‘ದಂಗಲ್’ ಸಿನಿಮಾದಿಂದ ಶುರು ಮಾಡೋಣ. 2016ರ ಡಿಸೆಂಬರ್ 23ಕ್ಕೆ ರಿಲೀಸ್ ಆಯ್ತು. ನಿಮ್ಮಲ್ಲಿ ಹೆಚ್ಚಿನವರು ನೋಡೇ ಇರ್ತೀರ. ಕ್ಲೈಮ್ಯಾಕ್ಸ್ ನೆನಪು ಮಾಡ್ಕೊಳ್ಳಿ. ದೆಹಲಿ ಕಾಮನ್‌ವೆಲ್ತ್ ಗೇಮ್ಸ್, ಗೀತಾ ಫೋಗಟ್ ಫೈನಲ್. ಅಪ್ಪ ಮಹಾವೀರ್ ಫೋಗಟ್ ಅವರನ್ನ ಯಾರೋ ಒಂದು ರೂಮಿಗೆ ಕರ್ಕೊಂಡು ಹೋಗಿ ಹೊರಗಿಂದ ಬೀಗ ಹಾಕ್ತಾರೆ. ಇತ್ತ ಮ್ಯಾಟ್ ಮೇಲೆ ಮಗಳು ಸೋಲ್ತಾ ಇದ್ದಾಳೆ. ಕೊನೇ ಸೆಕೆಂಡುಗಳಲ್ಲಿ 5 ಪಾಯಿಂಟಿನ ಒಂದು ಪಟ್ಟು ಬೀಳುತ್ತೆ. ರಾಷ್ಟ್ರಗೀತೆ ಕೇಳಿದಾಗ ರೂಮಲ್ಲಿರೋ ಅಪ್ಪನಿಗೆ ಗೊತ್ತಾಗುತ್ತೆ, ಮಗಳು ಗೆದ್ದಳು ಅಂತ. ಥಿಯೇಟರಲ್ಲಿ ಎಲ್ಲರ ಕಣ್ಣಲ್ಲೂ ನೀರು.

ನಿಜವಾಗಿ ನಡೆದಿದ್ದು ಬೇರೆ. 2010ರ ಅಕ್ಟೋಬರ್ 7. 55 ಕೆಜಿ ಫೈನಲ್. ಎದುರಾಳಿ ಆಸ್ಟ್ರೇಲಿಯಾದ ಎಮಿಲಿ ಬೆನ್‌ಸ್ಟೆಡ್. ಆಗಿನ ರೂಲ್ಸ್ ಪ್ರಕಾರ ಮೂರು ಸುತ್ತಲ್ಲಿ ಎರಡು ಗೆದ್ದವರು ವಿಜೇತರು. ಗೀತಾ ಮೊದಲ ಸುತ್ತು 1-0, ಎರಡನೇ ಸುತ್ತು 7-0. ಮುಗೀತು. ಮೂರನೇ ಸುತ್ತೇ ಇರಲಿಲ್ಲ. ಕೊನೇ ಕ್ಷಣದ ಪವಾಡವೂ ಇರಲಿಲ್ಲ, ಬೀಗವೂ ಇರಲಿಲ್ಲ. ಆಗ ರಾಷ್ಟ್ರೀಯ ಮಹಿಳಾ ತಂಡದ ಕೋಚ್ ಆಗಿದ್ದವರು ಪಿ.ಆರ್. ಸೋಂಧಿ. ಸಿನಿಮಾ ಬಂದ ಮೇಲೆ ಅವರು ಮಾಧ್ಯಮದ ಮುಂದೆ ಬಂದು, ಅಂಥದ್ದೇನೂ ನಡೆದಿಲ್ಲ, ಕೋಚ್ ಪಾತ್ರವನ್ನ ವಿಲನ್ ಥರ ತೋರಿಸಿದ್ದು ಬೇಜಾರಾಯ್ತು ಅಂತ ಹೇಳಿಕೊಂಡರು.

ಸಿನಿಮಾದವರನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಎರಡೂವರೆ ಗಂಟೆ ಸಿನಿಮಾಕ್ಕೆ ಒಬ್ಬ ವಿಲನ್ ಬೇಕೇ ಬೇಕು. ಆದರೆ ಆ ಬೀಗದಿಂದ ನಮ್ಮ ತಲೇಲಿ ಒಂದು ಚಿತ್ರ ಕೂತುಬಿಟ್ಟಿದೆ. ಕೋಚ್ ಅಂದ್ರೆ ಒಬ್ಬನೇ ಗಂಡಸು, ಹಟವಾದಿ, ಮೊದಲ ದಿನದಿಂದಲೇ ಎಲ್ಲ ಗೊತ್ತಿರೋನು, ಉಳಿದ ಕೋಚ್‌ಗಳೆಲ್ಲ ದಡ್ಡರು ಅಂತ. ನನಗೆ ನಿಜವಾದ ಸ್ಕೋರೇ ಜಾಸ್ತಿ ಇಷ್ಟ. 1-0, 7-0. ಮೊದಲ ಸುತ್ತಲ್ಲಿ ಎದುರಾಳೀನ ಅಳೆದು, ಎರಡನೇ ಸುತ್ತಲ್ಲಿ ಬಿಚ್ಚಿ ಆಡಿದ ಹುಡುಗಿ ಅದರಲ್ಲಿ ಕಾಣ್ತಾಳೆ. ಅವಳು ಅಲ್ಲಿಗೆ ಬರೋಕೆ ಹತ್ತು ವರ್ಷ ಬೇಕಾಯ್ತು. ಅವಳ ಅಪ್ಪನಿಗೂ ಅಷ್ಟೇ. ಅವರ ಗುರುಗಳಿಂದ ಲೆಕ್ಕ ಹಾಕಿದ್ರೆ ಇನ್ನೂ ಜಾಸ್ತಿ.

ಆ ಗುರುಗಳ ಹೆಸರು ಮಾಸ್ಟರ್ ಚಾಂದಗಿರಾಮ್. ಹರಿಯಾಣದ ಹಿಸಾರ್ ಜಿಲ್ಲೆಯ ಸಿಸಾಯ್ ಊರಿನವರು, ಹುಟ್ಟಿದ್ದು 1937. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು, ಅದಕ್ಕೇ ಕೊನೇವರೆಗೂ ‘ಮಾಸ್ಟರ್’ ಅನ್ನೋದು ಹೆಸರಿಗೆ ಅಂಟಿಕೊಂಡಿತ್ತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸಲ್ಲಿ 100 ಕೆಜಿ ವಿಭಾಗದಲ್ಲಿ ಚಿನ್ನ ಗೆದ್ದರು. 1971ರಲ್ಲಿ ಪದ್ಮಶ್ರೀ. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲೂ ಆಡಿದರು. ಒಂದೆರಡು ಹಿಂದಿ ಸಿನಿಮಾದಲ್ಲೂ ಮುಖ ತೋರಿಸಿದ್ದಾರೆ. ಆಮೇಲೆ ದೆಹಲಿಯಲ್ಲಿ ಯಮುನಾ ದಡದ ಹತ್ತಿರ ಅಖಾಡ ನಡೆಸಿದರು. ದೊಡ್ಡ ಹೆಸರು, ದೊಡ್ಡ ಶಿಷ್ಯವರ್ಗ. ಆರಾಮಾಗಿ ಕಾಲ ಮೇಲೆ ಕಾಲು ಹಾಕ್ಕೊಂಡು ಸನ್ಮಾನ ಮಾಡಿಸಿಕೊಳ್ತಾ ಇರಬಹುದಿತ್ತು.

ಅಂಥವರು 1990ರ ದಶಕದ ಕೊನೆಯಲ್ಲಿ ತಮ್ಮ ಹೆಣ್ಣುಮಕ್ಕಳಾದ ದೀಪಿಕಾ ಮತ್ತು ಸೋನಿಕಾ ಅವರನ್ನ ಕುಸ್ತಿಗೆ ಇಳಿಸಿದರು.

ಇದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗಬೇಕಾದ್ರೆ ಅಖಾಡ ಅಂದ್ರೆ ಏನು ಅಂತ ಗೊತ್ತಿರಬೇಕು. ನಮ್ಮ ಮೈಸೂರು ಕಡೆ ಗರಡಿ ಮನೆ ನೋಡಿದವರಿಗೆ ಸುಲಭ. ಅದು ಜಿಮ್ ಅಲ್ಲ. ಅಲ್ಲಿ ದೇವರಿದೆ, ಪೂಜೆಯಿದೆ, ಮಣ್ಣಿಗೆ ಕೈ ಮುಗಿದೇ ಒಳಗೆ ಹೋಗಬೇಕು. ಪೈಲ್ವಾನ ಬ್ರಹ್ಮಚರ್ಯ ಪಾಲಿಸಬೇಕು ಅನ್ನೋದು ಬರೀ ಸಲಹೆ ಅಲ್ಲ, ಅವನ ಶಕ್ತಿಯೇ ಅದರಿಂದ ಬರುತ್ತೆ ಅನ್ನೋ ನಂಬಿಕೆ. ಉತ್ತರದ ಅಖಾಡಗಳಲ್ಲಿ ಹನುಮಂತನ ಮೂರ್ತಿ ಇದ್ದೇ ಇರುತ್ತೆ. ಈ ಇಡೀ ಲೆಕ್ಕಾಚಾರದಲ್ಲಿ ಹೆಣ್ಣಿಗೆ ಜಾಗವೇ ಇಲ್ಲ. ಮಣ್ಣು ತುಳಿಯೋದು ಹಾಗಿರಲಿ, ಹೊಸ್ತಿಲು ದಾಟೋದೇ ಅಪಚಾರ. ಅಂದ್ರೆ ಮಾಸ್ಟರ್‌ಜಿ ಎದುರು ಹಾಕಿಕೊಂಡಿದ್ದು ಅಕ್ಕಪಕ್ಕದ ಮನೆಯವರ ಗೊಣಗಾಟವನ್ನಲ್ಲ. ತಾವೇ ಬೆಳೆದುಬಂದ, ತಮಗೆ ಹೆಸರು ಕೊಟ್ಟ ನಂಬಿಕೆಯನ್ನೇ. ವಿರೋಧ ಬಂತು, ಅದೂ ಕುಸ್ತಿ ಲೋಕದ ಒಳಗಿನಿಂದಲೇ ಬಂತು.

ನಾನು ಓದಿದ್ದು ಬಿಕಾಂ, ಹಾಗಾಗಿ ಎಲ್ಲದರಲ್ಲೂ ಲೆಕ್ಕ ನೋಡೋ ಚಾಳಿ ಬಿಟ್ಟಿಲ್ಲ. ಆಗಿನ ಲೆಕ್ಕ ನೋಡಿ. ಹೆಂಗಸರ ಮೊದಲ ವಿಶ್ವ ಕುಸ್ತಿ ಚಾಂಪಿಯನ್‌ಶಿಪ್ ನಡೆದಿದ್ದು 1987ರಲ್ಲಿ, ನಾರ್ವೆಯಲ್ಲಿ. ಒಲಿಂಪಿಕ್ಸಿಗೆ ಹೆಂಗಸರ ಕುಸ್ತಿ ಬಂದಿದ್ದು 2004ರ ಅಥೆನ್ಸಲ್ಲಿ. ಅಲ್ಲೂ ಗಂಡಸರಿಗೆ 14 ಚಿನ್ನ, ಹೆಂಗಸರಿಗೆ ಬರೀ 4. ಕಾಮನ್‌ವೆಲ್ತ್‌ಗೆ ಬಂದಿದ್ದು 2010ರಲ್ಲಿ. ಅಂದ್ರೆ 90ರ ದಶಕದಲ್ಲಿ ಒಬ್ಬ ಕೋಚ್ ಹುಡುಗಿಗೆ ಕುಸ್ತಿ ಕಲಿಸಿದ್ರೆ ಮುಂದೆ ಆಡೋಕೆ ಕಣವೇ ಇಲ್ಲ. ಕೆಲಸ ಸಿಗುತ್ತೆ, ಬಹುಮಾನ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮಾರ್ಕೆಟ್ಟೇ ಇಲ್ಲದ ಮಾಲಿಗೆ ಇಡೀ ಬಂಡವಾಳ ಹಾಕಿದ ಹಾಗೆ. ಯಾವ ಬ್ಯಾಂಕೂ ಲೋನ್ ಕೊಡ್ತಿರಲಿಲ್ಲ.

ಸೋನಿಕಾ ಮುಂದೆ ಮಹಿಳೆಯರ ಭಾರತ್ ಕೇಸರಿ ಆದರು. ಆದರೆ ಮಾಸ್ಟರ್‌ಜಿ ಮಾಡಿದ ದೊಡ್ಡ ಕೆಲಸ ಬೇರೆ ಇದೆ ಅಂತ ನನಗನಿಸುತ್ತೆ. ‘ಇದು ಮಾಡಬಹುದಾದ ಕೆಲಸ’ ಅಂತ ತಮ್ಮ ಶಿಷ್ಯರ ಕಣ್ಣೆದುರು ಮಾಡಿ ತೋರಿಸಿದರು. ಆ ಶಿಷ್ಯರಲ್ಲಿ ಒಬ್ಬರು ಬಲಾಲಿ ಊರಿನ ಮಹಾವೀರ್ ಸಿಂಗ್ ಫೋಗಟ್.

2000ನೇ ಇಸವಿ ಸೆಪ್ಟೆಂಬರಲ್ಲಿ ಸಿಡ್ನಿ ಒಲಿಂಪಿಕ್ಸಲ್ಲಿ ಕರ್ಣಂ ಮಲ್ಲೇಶ್ವರಿ ವೇಟ್‌ಲಿಫ್ಟಿಂಗಲ್ಲಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ. ಒಬ್ಬ ಹೆಣ್ಣುಮಗಳು ಭಾರ ಎತ್ತಿ ಪದಕ ತರಬಹುದಾದ್ರೆ ನನ್ನ ಮಕ್ಕಳು ಕುಸ್ತಿ ಆಡಿ ಯಾಕೆ ತರಬಾರದು ಅಂತ ಮಹಾವೀರ್‌ಗೆ ಅನಿಸ್ತು. ಗುರುಗಳ ಮನೆಯ ಉದಾಹರಣೆ ಮೊದಲೇ ಮನಸ್ಸಲ್ಲಿತ್ತು. ಗೀತಾಗೆ ಆಗ 12 ವರ್ಷ ಕೂಡ ತುಂಬಿರಲಿಲ್ಲ. ಆಮೇಲೆ ಬಬಿತಾ, ರಿತು, ಸಂಗೀತಾ. ತಮ್ಮ ತೀರಿಕೊಂಡ ಮೇಲೆ ಅವರ ಮಕ್ಕಳಾದ ಪ್ರಿಯಾಂಕಾ ಮತ್ತು ವಿನೇಶ್ ಕೂಡ ಇದೇ ದೊಡ್ಡಪ್ಪನ ಕೈಕೆಳಗೆ ಬೆಳೆದರು.

ಇಲ್ಲಿ ಒಂದು ಪ್ರಾಕ್ಟಿಕಲ್ ಸಮಸ್ಯೆ ಇದೆ. ಸಿನಿಮಾದಲ್ಲಿ ಇದನ್ನ ಕಾಮಿಡಿ ಮಾಡಿ ಮುಗಿಸಿಬಿಟ್ಟರು, ಆದರೆ ಕೋಚ್‌ಗೆ ನಿದ್ದೆಗೆಡಿಸೋ ವಿಷಯ ಇದೇ. ಜೋಡಿ ಎಲ್ಲಿಂದ ತರೋದು? ನಮ್ಮ ಕಡೆ ಕುಸ್ತಿಗೆ ‘ಜೋಡಿ ಕಟ್ಟೋದು’ ಅಂತಾರಲ್ಲ, ಒಂದೇ ತೂಕ, ಒಂದೇ ಮಟ್ಟದ ಇಬ್ಬರನ್ನ ಹೊಂದಿಸೋದು. ಪ್ರಾಕ್ಟೀಸಿಗೂ ಅದು ಬೇಕೇ ಬೇಕು. ದಂಡ, ಬಸ್ಕಿ ಒಬ್ಬರೇ ಹೊಡೀಬಹುದು. ಆದರೆ ಕಾಲು ಹಿಡಿಯೋಕೆ ಬಂದಾಗ ಸೊಂಟ ಎಷ್ಟು ಹಿಂದೆ ಒಯ್ಯಬೇಕು, ಕುತ್ತಿಗೆ ಮೇಲೆ ಬಿದ್ದ ಕೈಯನ್ನ ಯಾವ ಗಳಿಗೆಯಲ್ಲಿ ಕಿತ್ತು ಹಾಕಬೇಕು, ಇದೆಲ್ಲ ಎದುರಿಗೊಂದು ಮೈ ಇಲ್ಲದೆ ಬರಲ್ಲ. ಊರಲ್ಲಿ ಬೇರೆ ಹುಡುಗೀರು ಕುಸ್ತಿ ಆಡ್ತಿರಲಿಲ್ಲ. ಹಾಗಾಗಿ ಮಹಾವೀರ್ ಗಂಡುಹುಡುಗರ ಜೊತೆ ಆಡಿಸಿದರು. ಅದೇ ಕಾಲದಲ್ಲಿ ರೋಹ್ಟಕ್‌ನ ಛೋಟು ರಾಮ್ ಸ್ಟೇಡಿಯಂನಲ್ಲಿ ಈಶ್ವರ್ ದಹಿಯಾ ಅನ್ನೋ ಕೋಚ್ ಕೂಡ ಹುಡುಗೀರಿಗೆ ಕಲಿಸ್ತಿದ್ದರು. ಅಲ್ಲಿಗೆ 12 ವರ್ಷದವಳಾಗಿ ಬಂದ ಸಾಕ್ಷಿ ಮಲಿಕ್ ಕೂಡ ಹುಡುಗರ ಜೊತೆ ಆಡಿಯೇ ಗಟ್ಟಿಯಾದರು.

ಕೋಚ್‌ಗೆ ನಂಬಿಕೆ ಬರೋದು ಇಲ್ಲಿ ಅಂತ ನನಗನಿಸುತ್ತೆ. ಮೊದಲ ದಿನ ಊರವರಿಗೆ ಎದೆ ಕೊಟ್ಟು ನಿಂತಾಗ ಇದ್ದಿದ್ದು ಹಟ. ಹಟ ಬೇರೆ, ನಂಬಿಕೆ ಬೇರೆ. ತಾನು ಹೇಳಿಕೊಟ್ಟ ಪಟ್ಟನ್ನ ಹುಡುಗಿ ತನಗಿಂತ ಭಾರದ ಹುಡುಗನ ಮೇಲೆ ಹಾಕಿ ಅವನನ್ನ ಚಿತ್ ಮಾಡಿದಾಗ ಕೋಚ್‌ಗೆ ಗೊತ್ತಾಗುತ್ತೆ, ತಾನು ಕಲಿಸಿದ್ದು ಸರಿಯಾಗಿದೆ ಅಂತ. ನಾವು ಯಾವಾಗಲೂ ಕೋಚ್ ಹುಡುಗಿಗೆ ಆತ್ಮವಿಶ್ವಾಸ ತುಂಬಿದ ಅಂತ ಬರೀತೀವಿ. ಈ ಇತಿಹಾಸದಲ್ಲಿ ನನಗೆ ಕಾಣೋದು ಉಲ್ಟಾ. ಹುಡುಗೀರು ಒಂದೊಂದೇ ಕುಸ್ತಿ ಗೆದ್ದು ಕೋಚ್‌ಗಳಿಗೆ ಧೈರ್ಯ ಕೊಟ್ಟರು.

ಒಂದು ದಿನಾಂಕ ಮಾತ್ರ ಹೇಳಿ ಮುಂದೆ ಹೋಗ್ತೀನಿ. ಮಾಸ್ಟರ್ ಚಾಂದಗಿರಾಮ್ ತೀರಿಕೊಂಡಿದ್ದು 2010ರ ಜೂನ್ 29. ಗೀತಾ ಅದೇ ದೆಹಲಿಯಲ್ಲಿ ಚಿನ್ನ ಗೆದ್ದಿದ್ದು ಅಕ್ಟೋಬರ್ 7. ಮೂರು ತಿಂಗಳು ಚಿಲ್ಲರೆ ದಿನ. ಶಿಷ್ಯನ ಮಗಳ ಆ 7-0 ಅವರು ನೋಡಲಿಲ್ಲ.

ಆ ಗೇಮ್ಸಲ್ಲಿ ಗೀತಾ ಒಬ್ಬರೇ ಅಲ್ಲ, ಅಲ್ಕಾ ತೋಮರ್ ಮತ್ತು ಅನಿತಾ ಕೂಡ ಚಿನ್ನ ಗೆದ್ದರು. ಅಲ್ಕಾ ಮೀರತ್ ಕಡೆಯವರು, 2006ರಲ್ಲೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿದ್ದರು. ಅಂದ್ರೆ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕೋಚ್‌ಗಳು ಇದೇ ಕೆಲಸ ಮಾಡ್ತಾ ಇದ್ದರು. ನಮಗೆ ಗೊತ್ತಿರೋದು ಸಿನಿಮಾ ಆದವರ ಹೆಸರು ಮಾತ್ರ.

ಈಗ ಆ ಕಾರ್ನರ್ ವಿಷಯ. ದೊಡ್ಡ ಟೂರ್ನಿಗಳಲ್ಲಿ ಮ್ಯಾಟ್ ಪಕ್ಕ ಕೂರೋಕೆ ಸಿಗೋ ಪಾಸ್ ಬೆರಳೆಣಿಕೆಯಷ್ಟು. ಅಲ್ಲಿ ಕೂರೋರು ಸಾಮಾನ್ಯವಾಗಿ ರಾಷ್ಟ್ರೀಯ ತಂಡದ ಕೋಚ್. ಚಿಕ್ಕಂದಿನಿಂದ ಕಲಿಸಿದ ಗುರು ಎಷ್ಟೋ ಸಲ ಗ್ಯಾಲರಿಯಲ್ಲಿ, ಇಲ್ಲಾ ಊರಲ್ಲಿ ಟಿವಿ ಮುಂದೆ. ಹಾಗಾಗಿ ಹೆಸರಾಂತ ಕುಸ್ತಿಪಟುವನ್ನ ಬೆಳೆಸೋ ಕೋಚ್‌ಗೆ ಎಲ್ಲಕ್ಕಿಂತ ಕಷ್ಟದ ಪಾಠ ಯಾವುದು ಅಂದ್ರೆ, ತಾನು ಬೆಳೆಸಿದ ಹುಡುಗಿಯನ್ನ ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನೆ ಕೂರೋದು. ಸಿನಿಮಾಕ್ಕೆ ಆ ಅಪ್ಪನನ್ನ ಸುಮ್ಮನೆ ಕೂರಿಸೋಕೆ ಬೀಗ ಬೇಕಾಯ್ತು.

2016ರ ಆಗಸ್ಟ್ 17, ರಿಯೊ. ಸಾಕ್ಷಿ ಮಲಿಕ್, 58 ಕೆಜಿ. ಕ್ವಾರ್ಟರ್ ಫೈನಲ್‌ನಲ್ಲಿ ರಷ್ಯಾದ ಕೊಬ್ಲೋವಾ ವಿರುದ್ಧ ಸೋತರು. ಕೊಬ್ಲೋವಾ ಫೈನಲ್ ತಲುಪಿದ್ದರಿಂದ ರೆಪೆಶಾಜ್ ಅನ್ನೋ ಎರಡನೇ ಬಾಗಿಲು ತೆರೀತು. ಕಂಚಿನ ಪಂದ್ಯದಲ್ಲಿ ಕಿರ್ಗಿಸ್ತಾನದ ಐಸುಲು ಟಿನಿಬೆಕೋವಾ ಎದುರು ಅರ್ಧ ಪಂದ್ಯ ಮುಗಿಯೋ ಹೊತ್ತಿಗೆ 0-5. ನಮ್ಮಲ್ಲಿ ಹಲವರು ಅಷ್ಟು ಹೊತ್ತಿಗೆ ಚಾನೆಲ್ ಬದಲಾಯಿಸಿ ಆಗಿತ್ತು, ನಡುರಾತ್ರಿ ಬೇರೆ. ಬ್ರೇಕ್ ಇರೋದು ಬರೀ 30 ಸೆಕೆಂಡ್. ಅಷ್ಟರಲ್ಲಿ ಕೋಚ್ ಹೊಸದೇನೂ ಕಲಿಸೋಕಾಗಲ್ಲ. ಹನ್ನೆರಡು ವರ್ಷದ ಕಲಿಕೆಯಲ್ಲಿ ಯಾವುದನ್ನ ಈಗ ಹೊರಗೆ ತೆಗೀಬೇಕು ಅಂತ ನೆನಪು ಮಾಡಬಹುದು ಅಷ್ಟೆ. ಸಾಕ್ಷಿ ಎರಡೂ ಕಾಲಿಗೆ ನುಗ್ಗೋ ತಮ್ಮ ಹಳೇ ಪಟ್ಟಿಗೇ ವಾಪಸ್ ಬಂದರು. 8-5. ಕಾರ್ನರ್‌ನಲ್ಲಿದ್ದ ಕೋಚ್ ಕುಲದೀಪ್ ಮಲಿಕ್ ಅವರನ್ನ ಹೆಗಲ ಮೇಲೆ ಹೊತ್ತು ಓಡಿದ ಫೋಟೋ ನಿಮಗೆ ನೆನಪಿರಬಹುದು. ಭಾರತದ ಮಹಿಳಾ ಕುಸ್ತಿಯ ಮೊದಲ ಒಲಿಂಪಿಕ್ ಪದಕ ಅದು. ರೋಹ್ಟಕ್‌ನಲ್ಲಿ ಕಲಿಸಿದವರು ಒಬ್ಬರು, ಹೆಗಲ ಮೇಲೆ ಹೊತ್ತವರು ಇನ್ನೊಬ್ಬರು.

ಬೇರೆ ದೇಶದಲ್ಲಿ ಇದು ಹೇಗಾಯ್ತು ಅಂತಾನೂ ನೋಡೋಣ. ಅಮೆರಿಕ 2002ರಲ್ಲಿ ಟೆರಿ ಸ್ಟೈನರ್ ಅನ್ನೋರನ್ನ ಮಹಿಳಾ ರಾಷ್ಟ್ರೀಯ ತಂಡದ ಕೋಚ್ ಮಾಡ್ತು. ಅಯೋವಾ ವಿಶ್ವವಿದ್ಯಾಲಯಕ್ಕೆ ಆಡಿ ಕಾಲೇಜು ಚಾಂಪಿಯನ್ ಆದವರು, ವಿಸ್ಕಾನ್ಸಿನ್‌ನಲ್ಲಿ ಹುಡುಗರಿಗೆ ಸಹಾಯಕ ಕೋಚ್ ಆಗಿದ್ದವರು. ಅವರ ತಂಡಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂದಿದ್ದು 14 ವರ್ಷದ ಮೇಲೆ. ರಿಯೊ ಫೈನಲ್‌ನಲ್ಲಿ ಹೆಲೆನ್ ಮರೂಲಿಸ್, ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಜಪಾನಿನ ಸಾವೋರಿ ಯೋಶಿದಾ ಅವರನ್ನ 4-1ರಿಂದ ಸೋಲಿಸಿದಾಗ. ನಮ್ಮಲ್ಲಿ 14 ವರ್ಷ ಚಿನ್ನ ತರದ ಕೋಚ್‌ನ ಇಟ್ಕೊಳ್ತಾರಾ? ಎರಡು ಒಲಿಂಪಿಕ್ಸ್ ಕಾಯೋದೇ ಡೌಟು.

ಜಪಾನಿನ ಕತೆ ನನ್ನನ್ನ ಜಾಸ್ತಿ ಕಾಡುತ್ತೆ. ಹೆಂಗಸರ ಕುಸ್ತಿ ಅಂದ್ರೆ ಪ್ರಪಂಚದಲ್ಲಿ ಜಪಾನ್. ಅಲ್ಲಿನ ದೊಡ್ಡ ಕೋಚ್ ಕಜುಹಿತೋ ಸಕಾಯೆ. ಯೋಶಿದಾ ಅವರ ಶಿಷ್ಯೆ. ಕಾವೋರಿ ಇಚೋ ಕೂಡ. 2004, 2008, 2012, 2016, ನಾಲ್ಕು ಒಲಿಂಪಿಕ್ಸಲ್ಲಿ ಸತತವಾಗಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆ ಈ ಇಚೋ, ಎಲ್ಲಾ ಕ್ರೀಡೆ ಸೇರಿಸಿ ಹೇಳ್ತಿದ್ದೀನಿ. ಕೋಚ್ ಅಂತ ಆತ್ಮವಿಶ್ವಾಸ ಇರಬೇಕಾದ್ರೆ ಸಕಾಯೆ ಅವರಿಗೇ ಇರಬೇಕು, ಅಲ್ವಾ? ಆದರೆ ಇಚೋ ಮಧ್ಯದಲ್ಲಿ ಅವರನ್ನ ಬಿಟ್ಟು, ಟೋಕಿಯೊಗೆ ಹೋಗಿ, ಗಂಡಸರ ಜೊತೆ ಪ್ರಾಕ್ಟೀಸ್ ಮಾಡಿ, ತಮ್ಮದೇ ಆಟ ಕಟ್ಟಿಕೊಂಡರು. ಅದಾದ ಮೇಲೆ ಸಕಾಯೆ ತಮಗಿರೋ ಅಧಿಕಾರ ಬಳಸಿ ಅವರಿಗೆ ಕಿರುಕುಳ ಕೊಟ್ಟರು ಅನ್ನೋ ದೂರು 2018ರಲ್ಲಿ ಹೊರಗೆ ಬಂತು. ಸ್ವತಂತ್ರ ತನಿಖಾ ತಂಡ ಕಿರುಕುಳ ನಡೆದಿದ್ದು ನಿಜ ಅಂತ ಹೇಳ್ತು. ಆ ಏಪ್ರಿಲ್‌ನಲ್ಲಿ ಅವರು ಫೆಡರೇಶನ್ ಹುದ್ದೆಗೆ ರಾಜೀನಾಮೆ ಕೊಟ್ಟರು.

ಈ ಮನುಷ್ಯನಿಗೆ ಕುಸ್ತಿ ಗೊತ್ತಿರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ. ಶಿಷ್ಯೆ ತಾನಿಲ್ಲದೆ ಗೆಲ್ಲೋದನ್ನ ಸಹಿಸೋಕೆ ಆಗಲಿಲ್ಲ. ಅದನ್ನ ಆತ್ಮವಿಶ್ವಾಸ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ, ಎಷ್ಟೇ ಚಿನ್ನ ಬಂದಿರಲಿ.

ನಮ್ಮಲ್ಲಿ 2023ರ ಜನವರಿಯಲ್ಲಿ ಜಂತರ್ ಮಂತರ್‌ನಲ್ಲಿ ವಿನೇಶ್, ಸಾಕ್ಷಿ, ಬಜರಂಗ್ ಧರಣಿ ಕೂತಿದ್ದು ನಿಮಗೆ ಗೊತ್ತೇ ಇದೆ. ಆಗಿನ ಫೆಡರೇಶನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಬಂತು, ಅವರು ನಿರಾಕರಿಸಿದರು, ವಿಷಯ ಕೋರ್ಟಿಗೆ ಹೋಯ್ತು. ಅದರ ಮೇಲೆ ಎಷ್ಟೋ ಚರ್ಚೆ ಆಗಿದೆ, ಇಲ್ಲಿ ಬೆಳೆಸಲ್ಲ. ಆದರೆ ಮಗಳನ್ನ ಕ್ಯಾಂಪಿಗೆ ಕಳಿಸೋ ಅಪ್ಪ ಅಮ್ಮನ ಜಾಗದಲ್ಲಿ ನಿಂತು ಯೋಚಿಸಿ. ಕಾರ್ನರ್‌ನಲ್ಲಿ ಯಾರಿದ್ದಾರೆ ಅನ್ನೋದು ಅವರಿಗೆ ಟೆಕ್ನಿಕ್ ಪ್ರಶ್ನೆ ಅಲ್ಲ.

ಆ ಧರಣಿಯ ಮಾರನೇ ವರ್ಷ, 2024ರ ಆಗಸ್ಟ್ 6, ಪ್ಯಾರಿಸ್. 50 ಕೆಜಿ ಮೊದಲ ಪಂದ್ಯದಲ್ಲೇ ವಿನೇಶ್‌ಗೆ ಎದುರಾದವರು ಜಪಾನಿನ ಯುಯಿ ಸುಸಾಕಿ. ಟೋಕಿಯೊದಲ್ಲಿ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡದೆ ಚಿನ್ನ ಗೆದ್ದವರು, ಅಲ್ಲಿಯವರೆಗೆ ಯಾವ ವಿದೇಶಿ ಎದುರಾಳಿಗೂ ಸೋತೇ ಇರದವರು. ವಿನೇಶ್ ಕೋಚ್ ಹಂಗೇರಿಯ ವೋಲರ್ ಅಕೋಸ್. ಆ ಪಂದ್ಯದ ವಿಡಿಯೋ ಸಿಕ್ಕರೆ ನೋಡಿ. ಹೈಲೈಟ್ಸ್ ಬೇಡ, ಪೂರ್ತಿ ಆರು ನಿಮಿಷ ನೋಡಿ. ಐದೂವರೆ ನಿಮಿಷಕ್ಕೂ ಜಾಸ್ತಿ ಹೊತ್ತು ಏನೂ ಆಗಲ್ಲ. ವಿನೇಶ್ ನುಗ್ಗಲ್ಲ, ಬರೀ ತಡೀತಾರೆ. ಆಟ ಆಡ್ತಿಲ್ಲ ಅಂತ ಎದುರಾಳಿಗೆ ಪಾಯಿಂಟ್ ಹೋಗಿ 0-2 ಆಗುತ್ತೆ. ಆಗಲೂ ನುಗ್ಗಲ್ಲ. ಕೊನೇ ಕೆಲವು ಸೆಕೆಂಡಲ್ಲಿ ಒಂದು ಟೇಕ್‌ಡೌನ್, 2-2. ಜಪಾನಿನವರ ಚಾಲೆಂಜ್ ಬಿದ್ದು ಹೋಗಿ 3-2.

ಸುಸಾಕಿ ಥರದವರ ಮೇಲೆ ಮೊದಲೇ ನುಗ್ಗಿದ್ರೆ ಅವರಿಗೇ ಲಾಭ. ಕಾಯಬೇಕು. ಸೋಲ್ತಾ ಇರುವಾಗಲೂ ಕಾಯಬೇಕು. ಸ್ಕೋರ್‌ಬೋರ್ಡ್ 0-2 ತೋರಿಸ್ತಿರುವಾಗ, ಹುಡುಗಿಗೆ ಎಲ್ಲ ಗೊತ್ತಿದೆ ಅಂತ ನಂಬಿ ಕೂರೋಕೆ ಕಾರ್ನರ್‌ನಲ್ಲಿ ಎಂಥ ಗುಂಡಿಗೆ ಬೇಕು ಯೋಚಿಸಿ. ಮಾರನೇ ದಿನ ಬೆಳಿಗ್ಗೆ ಏನಾಯ್ತು ಅಂತ ಇಡೀ ದೇಶಕ್ಕೆ ಗೊತ್ತು. ರಾತ್ರಿಯಿಡೀ ಬೆವರಿಳಿಸಿದ ಮೇಲೂ ತೂಕ 100 ಗ್ರಾಂ ಜಾಸ್ತಿ. ಫೈನಲ್ ಇಲ್ಲ, ಪದಕವೂ ಇಲ್ಲ. ದಾಖಲೆ ಪುಸ್ತಕದಲ್ಲಿ ವಿನೇಶ್ ಹೆಸರ ಮುಂದೆ ಅನರ್ಹ ಅಂತಲೇ ಇದೆ. ನನ್ನ ಪ್ರಕಾರ ಭಾರತದ ಕುಸ್ತಿಯಲ್ಲಿ ನಡೆದ ಅತ್ಯಂತ ಚೆನ್ನಾದ ಕೋಚಿಂಗ್ ಕೆಲಸಗಳಲ್ಲಿ ಆ ಆರು ನಿಮಿಷವೂ ಒಂದು.

ಇಷ್ಟು ಹೊತ್ತು ನಾನು ಹೇಳಿದ ಕೋಚ್‌ಗಳ ಹೆಸರು ಒಂದ್ಸಲ ಎಣಿಸಿ. ಚಾಂದಗಿರಾಮ್, ಮಹಾವೀರ್, ಸೋಂಧಿ, ದಹಿಯಾ, ಕುಲದೀಪ್, ಸ್ಟೈನರ್, ಸಕಾಯೆ, ಅಕೋಸ್. ಎಂಟು ಜನ, ಎಂಟೂ ಗಂಡಸರು. ಟೋಕಿಯೊ ಒಲಿಂಪಿಕ್ಸಲ್ಲಿ ಎಲ್ಲಾ ಕ್ರೀಡೆ, ಎಲ್ಲಾ ದೇಶ ಸೇರಿಸಿದ್ರೂ ಕೋಚ್‌ಗಳಲ್ಲಿ ಹೆಂಗಸರು ಶೇ. 13 ಅಷ್ಟೇ. ಆಡೋರಲ್ಲಿ ಹೆಚ್ಚುಕಮ್ಮಿ ಅರ್ಧ ಹೆಂಗಸರು, ಕಲಿಸೋರಲ್ಲಿ 13.

ಮೊದಲ ತಲೆಮಾರಿನಲ್ಲಿ ಗಂಡಸರೇ ಇದ್ದಿದ್ದಕ್ಕೆ ಕಾರಣ ಇದೆ, ಕುಸ್ತಿ ಗೊತ್ತಿದ್ದ ಹೆಂಗಸರೇ ಇರಲಿಲ್ಲ. ಈಗ ಆ ಕಾರಣ ಇಲ್ಲ. ಎರಡು ತಲೆಮಾರಿನ ಕುಸ್ತಿಪಟುಗಳು ರಿಟೈರ್ ಆಗಿದ್ದಾರೆ. ಅಂತರರಾಷ್ಟ್ರೀಯ ಪದಕ ಗೆದ್ದ ಹೆಣ್ಣುಮಗಳಿಗೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕೆಲಸ ಸಿಗುತ್ತೆ, ಮದುವೆ ಆಗುತ್ತೆ, ವರ್ಷಕ್ಕೆ ಇನ್ನೂರು ದಿನ ಕ್ಯಾಂಪಲ್ಲಿ ಇರಬೇಕಾದ ಕೋಚ್ ಕೆಲಸ ಯಾರಿಗೆ ಹೋಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಒಬ್ಬ ಹೊಸ ಗಂಡು ಕೋಚ್ ಒಂದು ಟೂರ್ನಿ ಸೋತರೆ ಅನುಭವ ಆಗಲಿ ಬಿಡಿ ಅಂತಾರೆ. ಹೊಸ ಹೆಣ್ಣು ಕೋಚ್ ಸೋತರೆ ಅದೇ ಮಾತು ಹೇಳ್ತಾರಾ? ಧೈರ್ಯ ಬರೋದು ಸೋತು ಗೆದ್ದು ಅಂದಮೇಲೆ ಸೋಲೋಕೂ ಅವಕಾಶ ಬೇಕಲ್ವಾ.

ನಮ್ಮಲ್ಲಿ ಮೈಸೂರು ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಪಟ್ಟ ಇದೆ. ಉತ್ತರ ಕನ್ನಡದ ಹಳಿಯಾಳದಿಂದ ಹುಡುಗೀರು ಬಂದು ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡ್ತಿದ್ದಾರೆ. ಮುಂದಿನ ದಸರಾಕ್ಕೆ ಹೋದ್ರೆ ಒಂದು ಕೆಲಸ ಮಾಡಿ. ಕಣದಲ್ಲಿ ಆಡ್ತಿರೋ ಹುಡುಗೀರನ್ನ ಎಲ್ಲರೂ ನೋಡ್ತಾರೆ. ನೀವು ಕಣದ ಅಂಚಲ್ಲಿ ಬಗ್ಗಿ ಕೂಗ್ತಿರೋರು ಯಾರು ಅಂತ ನೋಡಿ. ನಿಮ್ಮೂರಲ್ಲಿ, ನಿಮ್ಮ ತಾಲ್ಲೂಕಲ್ಲಿ ಕುಸ್ತಿ ಕಲಿಸೋ ಅಕ್ಕ ಯಾರಾದ್ರೂ ಇದ್ದರೆ, ಅವರ ಒಪ್ಪಿಗೆ ಕೇಳಿ ನನಗೊಂದು ವಾಯ್ಸ್ ನೋಟ್ ಕಳಿಸಿ. ಎರಡು ನಿಮಿಷ ಸಾಕು. ಮೊದಲ ಸಲ ಕಾರ್ನರ್‌ನಲ್ಲಿ ಕೂತ ದಿನ ಏನಾಯ್ತು ಅಂತ ಅವರ ಬಾಯಲ್ಲೇ ಕೇಳಬೇಕು ಅಂತ ಆಸೆ. ಬಂದಷ್ಟನ್ನ ಜೋಡಿಸಿ ಒಂದು ಎಪಿಸೋಡ್ ಮಾಡ್ತೀನಿ.